ದಾಹ ಇಳಿಯುವ ದಾರಿ

"ನೀರಿಗೆ ಯಾಕಪ್ಪಾ ಇಷ್ಟೊಂದು ತೂಕ?"

ತೂಕದ ಯಂತ್ರದ ಮೇಲೆ ನಿಂತುಕೊಂಡು ಕೇತಮ್ಮ ಹೀಗೆ ಕೇಳಿದಳು. ಕೇಳಿದ್ದು ನನ್ನನ್ನಲ್ಲ, ಸಿಸ್ಟರನ್ನೂ ಅಲ್ಲ. ಅವಳ ಎದುರಿಗಿದ್ದದ್ದು ಸುಣ್ಣ ಬಳಿದ ಬರಿಯ ಗೋಡೆ. ನಾನು ಪುಸ್ತಕದಲ್ಲಿ ನಲವತ್ತೈದೂವರೆ ಎಂದು ಬರೆದುಕೊಂಡೆ. ಸೋಮವಾರ ಮಷೀನಿನಿಂದ ಇಳಿದು ಹೋಗುವಾಗ ನಲವತ್ತೆರಡೂವರೆ ಇದ್ದವಳು ಗುರುವಾರ ಬರುವಷ್ಟರಲ್ಲಿ ಮೂರು ಕೆಜಿ ನೀರು ಹೊತ್ತು ತಂದಿದ್ದಳು. ಪಾದದ ಮೇಲೆ ಬೆರಳೊತ್ತಿದರೆ ನಾದಿದ ಹಿಟ್ಟಿನ ಹಾಗೆ ಗುಳಿ ಬೀಳುತ್ತಿತ್ತು.

ನಾನು ನಮ್ಮೂರಿನ ಮಷೀನ್ ಮನೆಯಲ್ಲಿ ತೂಕ ಬರೆಯುವವನು. ಹಳೆಯ ಛತ್ರದ ಊಟದ ಹಜಾರದಲ್ಲಿ ರಕ್ತ ತೊಳೆಯುವ ನಾಲ್ಕು ಮಷೀನುಗಳನ್ನು ಇಟ್ಟಿದ್ದಾರೆ. ಕಿಡ್ನಿ ಕೈಬಿಟ್ಟವರು ವಾರಕ್ಕೆ ಎರಡು ಸಲ ಬಂದು, ತೋಳಿಗೆ ಎರಡು ಸೂಜಿ ಚುಚ್ಚಿಸಿಕೊಂಡು, ನಾಲ್ಕು ಗಂಟೆ ಮಲಗಿದ್ದು ಹೋಗುತ್ತಾರೆ. ಅವರ ಮೈ ಸೇರಿದ ನೀರಿಗೆ ಹೊರಗೆ ಹೋಗಲು ಬೇರೆ ದಾರಿಯಿಲ್ಲ. ಆದ್ದರಿಂದ ದಿನಕ್ಕೆ ಮೂರು ಲೋಟ ನೀರು; ಮಾತ್ರೆ ನುಂಗುವುದೂ ಅದರೊಳಗೇ, ಸಾರೂ ಕಾಫಿಯೂ ಅದರೊಳಗೇ. ಬಂದಾಗ ಒಂದು ತೂಕ, ಹೋಗುವಾಗ ಒಂದು ತೂಕ ಬರೆದರೆ ನನ್ನ ಕೆಲಸ ಮುಗಿಯಿತು. ಮಿಕ್ಕ ಹೊತ್ತು ಅವರ ಮಾತು ಕೇಳುತ್ತ ಕೂರುತ್ತೇನೆ. ಕೇಳುವುದು ನನಗೆ ಎಳವೆಯಿಂದ ಬಂದದ್ದು. ನಮ್ಮ ತಂದೆ ಕಾವ್ಯ ವಾಚನ ಮಾಡುತ್ತಿದ್ದರು. ಸಂಜೆ ದೀಪ ಹಚ್ಚಿದ ಮೇಲೆ ಅವರು ರಾಗವಾಗಿ ಪದ್ಯ ಹೇಳಿದರೆ ನಾನು ಕಂಬಕ್ಕೆ ಒರಗಿ ಕೇಳುತ್ತಿದ್ದೆ. ಒಂದು ಪದ್ಯದಲ್ಲಿ ಭಕ್ತನೊಬ್ಬ ದೇವರಿಗೆ "ತಣಿಸದಿರೆನ್ನ, ತಣಿದವರು ನಿನ್ನ ನೆನೆಯರು" ಎನ್ನುತ್ತಾನೆ. ಅಲ್ಲಿಗೆ ಬಂದಾಗ ತಂದೆಯ ದನಿ ಒಡೆಯುತ್ತಿತ್ತು. ನನಗೆ ಮಾತ್ರ ಆ ಸಾಲು ಎಷ್ಟು ಸಲ ಕೇಳಿದರೂ ಒಳಗಿಳಿಯಲಿಲ್ಲ. ಇಳಿಯಲಿ ಎಂಬ ಆಸೆ ಮಾತ್ರ ಇತ್ತು. ಈ ಪ್ರಾಯಕ್ಕೂ ಇದೆ.

ನಮ್ಮೂರಿನಲ್ಲಿ ದಾಹ ಕೆಳಗೆ ಇಳಿಯುತ್ತದೆ. ಮೇಲುಬೀದಿ ದಿಣ್ಣೆಯ ಮೇಲಿದೆ, ಹಾಡಿ ತಗ್ಗಿನಲ್ಲಿದೆ. ಏಕಾದಶಿಯ ದಿನ ನೀರೂ ಮುಟ್ಟದೆ ಉಪವಾಸ ಮಾಡುವವರು ಬೆಳಗಿನ ಜಾವ ಎದ್ದು ಒಂದು ಲೋಟ ನೀರು ತುಂಬಿ, ಅದರ ಮೇಲೆ ಬಾಯಿಟ್ಟು "ನಾಲಗೆಯ ಬೆಂಕಿ ನೀರಿಗೆ, ನೀರಿನ ಬೆಂಕಿ ನಿನಗೆ" ಎಂದು ಮೂರು ಸಲ ಹೇಳಿ ಜಗಲಿಯ ತುದಿಯಲ್ಲಿ ಇಡುತ್ತಾರೆ. ಹಾಡಿಯವರು ಬಂದು ಅದನ್ನು ಕುಡಿದು ಹೋಗುತ್ತಾರೆ. ಅಲ್ಲಿಂದ ಮಾರನೆಯ ಸೂರ್ಯೋದಯದವರೆಗೆ ಮೇಲಿನವರ ಗಂಟಲು ತಣ್ಣಗಿರುತ್ತದೆ. ಕೆಳಗಿನವರು ಇಬ್ಬರ ಪಾಲಿನ ನೀರು ಕುಡಿಯುತ್ತಾರೆ. ದನ ಸಂಜೆಗೆ ಕೊಟ್ಟಿಗೆಗೆ ಬರುವ ಹಾಗೆ ಅದೊಂದು ನಡೆದುಕೊಂಡು ಬಂದ ಸಂಗತಿ. ಪ್ರತಿ ಮನೆಗೂ ಹಾಡಿಯಲ್ಲಿ ತನ್ನವರು ಎಂದು ಒಬ್ಬರಿರುತ್ತಾರೆ. ದ್ವಾದಶಿಯ ದಿನ ಅವರಿಗೆ ಹಿತ್ತಿಲಲ್ಲಿ ಎಲೆ ಹಾಕಿ ಬಡಿಸುತ್ತಾರೆ. ನಮ್ಮ ಮನೆಯ ಲೋಟ ಹಿಡಿಯುತ್ತಿದ್ದವಳು ಕೇತಮ್ಮನ ತಾಯಿ, ಅವಳು ಹೋದ ಮೇಲೆ ಕೇತಮ್ಮ. ನನಗೆ ಉಪನಯನವಾದ ವರ್ಷ ಅಮ್ಮ ನನ್ನ ಕೈಯಲ್ಲೂ ಒಂದು ಲೋಟ ಇಡಿಸಿದಳು. ಆಗ ಕೇತಮ್ಮನಿಗೆ ಹದಿನೈದು ಹದಿನಾರಿರಬೇಕು. ಅವಳು ಗಟಗಟನೆ ಕುಡಿದು, ಲೋಟ ಕವುಚಿಟ್ಟು, ಬಾಯಿ ಒರೆಸಿಕೊಂಡು ಇಳಿದು ಹೋದದ್ದು ನೆನಪಿದೆ. ಅದಾಗಿ ನಲವತ್ತೊಂದು ವರ್ಷ.

ಹಾಡಿಯವರು ಮೊದಲು ಬೆಟ್ಟದ ಮೇಲಿದ್ದವರು. ಕಾಡಿಗೆ ಬೇಲಿ ಬಂದಾಗ ಅವರನ್ನು ಇಳಿಸಿ ತಗ್ಗಿನಲ್ಲಿ ಸಾಲುಮನೆ ಕಟ್ಟಿಸಿಕೊಟ್ಟು ಒಂದು ಕೊಳವೆಬಾವಿ ಕೊರೆಸಿದರು. ಅದರ ನೀರು ಕಾಯಿಸಿದರೆ ಪಾತ್ರೆಯ ತಳದಲ್ಲಿ ಸುಣ್ಣದ ಹಾಗೆ ಬಿಳಿ ಕಟ್ಟುತ್ತದೆ. ಹಾಡಿಯಲ್ಲಿ ಎರಡು ಮನೆಗೊಬ್ಬರಿಗೆ ಕಿಡ್ನಿ ಕೆಟ್ಟಿದ್ದು ಯಾಕೆಂದು ದೊಡ್ಡ ಡಾಕ್ಟರು ಒಮ್ಮೆ ವಿವರಿಸಿದರು. ಆ ನೀರು, ಕಲ್ಲುಕ್ವಾರಿಯ ಬಿಸಿಲು, ಸೊಂಟನೋವಿಗೆಂದು ಅಂಗಡಿಯಲ್ಲಿ ಕೊಂಡು ನುಂಗಿದ ಮಾತ್ರೆ, ಯಾರೂ ನೋಡದೆ ಬಿಟ್ಟ ಬಿಪಿ, ಕಾಲು ಊದಿದ ಮೇಲೂ ಆಸ್ಪತ್ರೆ ದೂರವೆಂದು ಕಳೆದ ವರ್ಷಗಳು. ಲೋಟದ ಮಾತು ಅವರು ಎತ್ತಲಿಲ್ಲ. ಪರಸ್ಥಳದವರು. ನಾವೂ ಹೇಳಲಿಲ್ಲ.

ಕೇತಮ್ಮ ಮಷೀನಿಗೆ ಬಿದ್ದು ಮೂರು ವರ್ಷವಾಗಿತ್ತು. ಅವಳು ಬಿದ್ದ ಮೇಲೆ ಅಮ್ಮ ತನ್ನ ಲೋಟವನ್ನು ಬೇರೊಬ್ಬಳಿಗೆ ಗೊತ್ತುಮಾಡಿದಳು. ನಾನು ಯಾರಿಗೂ ಇಡಲಿಲ್ಲ. ಕೇತಮ್ಮನ ಕಾಲು ನೋಡಿದ ಮೇಲೆ ಇನ್ನೊಬ್ಬರ ಕೈಗೆ ಲೋಟ ಕೊಡಲು ಮನಸ್ಸು ಬರಲಿಲ್ಲ. ಮೊದಲ ಏಕಾದಶಿ ಹೆದರಿಕೊಂಡೇ ಕೂತೆ. ಮಧ್ಯಾಹ್ನವಾಯಿತು, ಸಂಜೆಯಾಯಿತು, ಗಂಟಲು ಬಾವಿಯ ಕಟ್ಟೆಯಷ್ಟು ತಣ್ಣಗಿತ್ತು. ಅಮ್ಮನಿಗೆ ಹೇಳಿದೆ. ಅವಳು ನನ್ನ ತಲೆ ಸವರಿ, "ನಿನಗೆ ವ್ರತ ಸಿದ್ಧಿಸಿದೆ ಕಣೋ ಮುಕುಂದ. ನಿಮ್ಮಪ್ಪನಿಗೂ ಇದು ಆಗಲಿಲ್ಲ" ಎಂದಳು. ನಾನು ನಂಬಿದೆ. ನಂಬುವುದಕ್ಕೆ ಹಿತವಾಗಿತ್ತು.

ಆ ಗುರುವಾರ ಲೂರ್ದಮ್ಮ ಸಿಸ್ಟರು ಪುಸ್ತಕ ನೋಡಿ ಹುಬ್ಬು ಗಂಟಿಕ್ಕಿದರು. "ಕೇತಮ್ಮ, ಬೆಟ್ಟಕ್ಕೆ ಹೋಗಬೇಕು ಅಂತೀಯ. ಹಿಂಗೆ ಮೂರು ಮೂರು ಕೆಜಿ ತುಂಬಿಕೊಂಡು ಬಂದರೆ ಡಾಕ್ಟರು ಚೀಟಿ ಬರೀತಾರಾ?"

"ನಡ್ಕಂಡು ತಾನೆ ಓಗೋದು ಸಿಸ್ಟ್ರೆ. ಬೆವ್ರಲ್ಲಿ ಇಳೀತದೆ."

"ಬೆವರಲ್ಲಿ ಇಳಿಯೋ ಹಂಗಿದ್ದಿದ್ರೆ ನಾನ್ಯಾಕೆ ಇಲ್ಲಿ ಇರ್ತಿದ್ದೆ? ನೀರು ಶ್ವಾಸಕೋಶಕ್ಕೆ ಏರಿದರೆ ಅರ್ಧ ದಾರೀಲಿ ಮುಗೀತು."

ವರ್ಷಕ್ಕೊಂದು ಸಲ, ಮಾಗಿ ಕಳೆಯುವ ಹುಣ್ಣಿಮೆಗೆ, ಹಾಡಿಯವರು ತಮ್ಮ ಹಳೆಯ ದೇವರಕಲ್ಲುಗಳಿಗೆ ಪೂಜೆ ಮಾಡಲೆಂದು ಅರಣ್ಯ ಇಲಾಖೆಯವರು ಕಾಡಿನ ಗೇಟು ತೆಗೆಯುತ್ತಾರೆ. ಹಿಂದಿನ ವರ್ಷ ಕಾಯಿಲೆಯವನೊಬ್ಬ ಏರಿನಲ್ಲಿ ಕುಸಿದು ಸತ್ತ. ಅಂದಿನಿಂದ ಮಷೀನಿನವರಿಗೆ ಡಾಕ್ಟರ ಚೀಟಿಯಿಲ್ಲದೆ ಗೇಟಿನೊಳಗೆ ಬಿಡುವುದಿಲ್ಲ. ಸಾಲಾಗಿ ಮೂರು ಸಲ ಎರಡು ಕೆಜಿಗಿಂತ ಕಡಿಮೆ ಏರಿಕೊಂಡು ಬಂದರೆ ಚೀಟಿ ಬರೆಯುವುದಾಗಿ ಡಾಕ್ಟರು ಮಾತು ಕೊಟ್ಟಿದ್ದರು. ಹುಣ್ಣಿಮೆ ಬುಧವಾರ ಬೀಳುತ್ತಿತ್ತು. ಇನ್ನು ಐದು ವಾರ.

ಕೇತಮ್ಮನಿಗೆ ದೇವರಕಲ್ಲಿಗಿಂತ ಅದರ ಹಿಂದಿನ ಒರತೆಯ ಮೇಲೆ ಜೀವ. ಬಂಡೆಯ ಸೀಳಿನಲ್ಲಿ ಜಿನುಗುವ ಆ ನೀರಿಗೆ ಅವರು ಕರಡಿಬಾಯಿ ಎನ್ನುತ್ತಾರೆ. ಸೂಜಿ ಚುಚ್ಚಿ ಮಲಗಿಸಿದ ಮೇಲೆ ಅವಳು ಕಣ್ಣು ಮುಚ್ಚಿಕೊಂಡು ಅದರ ಮಾತೇ ಆಡುತ್ತಿದ್ದಳು.

"ಸುರಿಯೋ ನೀರಲ್ಲ ಸಾಮಿ ಅದು. ತೊಟ್ಟು ತೊಟ್ಟು. ಬೊಗಸೆ ಇಡ್ಕಂಡು ಕೂತ್ರೆ ತುಂಬಾ ಅಷ್ಟೊತ್ಗೆ ಮೂರು ಪದ ಆಡಿ ಮುಗೀತಿತ್ತು. ನಮ್ಮವ್ವ ಆಡೋಳು, ನಾನು ಬೊಗಸೆ ಇಡಿಯೋಳು. ಕುಡುದ್ರೆ ಬೇರು ಜಗುದಂಗೆ ಇರೋದು, ಆಮೇಲೆ ಸೀ ಬರೋದು. ನೀರು ಓದ್ ಮ್ಯಾಲೆ ಸೀ."

"ಅದು ಸೀ ಅಲ್ಲ, ಕರಡಿ ಉಚ್ಚೆ" ಎನ್ನುತ್ತಿದ್ದ ಪಕ್ಕದ ಮಂಚದ ಜಡೆಯ. ಹಾಡಿಯ ಮುದುಕ. ಐದು ವರ್ಷದಿಂದ ಮಷೀನಿನಲ್ಲಿದ್ದು ಎಲ್ಲರಿಗಿಂತ ಹಳಬ. "ನಾ ಸಣ್ಣೋನಾಗಿದ್ದಾಗ ಅಲ್ಲೆ ಕಂಡಿವ್ನಿ, ಕಾಲೆತ್ತಿ ನಿಂತಿತ್ತು."

"ನಿನ್ನ ಬಾಯ್ಗೆ ಅದೇ ಬೀಳ್ಲಿ ಬುಡು."

"ಬೀಳ್ಲಿ ಕಣವ್ವ. ಏನಾದ್ರೂ ಬೀಳ್ಲಿ. ಮೂರು ಲೋಟದ ಲೆಕ್ಕಕ್ಕೆ ಸಿಸ್ಟ್ರು ಅದ್ನೂ ಸೇರುಸ್ತಾರೆ."

ಮಷೀನಿಗೆಂದು ನರ ಕೂಡಿಸಿದ ಅವಳ ಎಡಗೈ ಯಾವಾಗಲೂ ಗುಂಯ್ ಎನ್ನುತ್ತಿತ್ತು. ಒಮ್ಮೆ ಸಿಸ್ಟರು ನನ್ನ ಕಿವಿಗೆ ಯಂತ್ರ ಕೊಟ್ಟು ಕೇಳಿಸಿದ್ದರು. ತಂಬೂರಿಯ ಶ್ರುತಿಯ ಹಾಗೇ ಇತ್ತು. ಆ ಶ್ರುತಿಯ ಮೇಲೆ ಅವಳ ಕರಡಿಬಾಯಿಯ ಮಾತು ವಾಚನದ ಹಾಗೆ ಕೇಳುತ್ತಿತ್ತು. ನಾನು ಕಾಣದ ಆ ನೀರಿಗಾಗಿ ನನಗೂ ಹಂಬಲ ಹತ್ತಿತ್ತು. ಅವಳು ಒಂದು ಸಲ ಅಲ್ಲಿಗೆ ಹೋಗಿಬರಬೇಕು, ಅಷ್ಟೇ. ಅದಕ್ಕೆ ನಾನು ಏನು ಮಾಡಬಲ್ಲೆ? ನನಗೆ ಗೊತ್ತಿದ್ದದ್ದು ಒಂದೇ. ಹುಣ್ಣಿಮೆಯವರೆಗೆ ಅವಳ ಮಷೀನಿನ ಹಿಂದಿನ ದಿನ ಸೂರ್ಯ ಹುಟ್ಟುವಾಗಿನಿಂದ ಮಾರನೆಯ ದಿನ ಅವಳು ಮಷೀನಿನಿಂದ ಇಳಿಯುವವರೆಗೆ ನೀರು ಮುಟ್ಟುವುದಿಲ್ಲ ಎಂದು ದೇವರ ಮುಂದೆ ಹರಕೆ ಹೊತ್ತೆ. ಭಾನುವಾರ ಸೋಮವಾರ ಒಂದು ಸಲ, ಬುಧವಾರ ಗುರುವಾರ ಒಂದು ಸಲ. ಲೋಟ ಇಡಲಿಲ್ಲ. ಇದು ನನ್ನದೇ ತಪಸ್ಸಾಗಲಿ, ಅವಳಿಗೆ ಬೆಟ್ಟ ಸಿಗಲಿ ಎಂದುಕೊಂಡೆ.

ಸಿದ್ಧಿ ನನ್ನ ಕೈಬಿಡಲಿಲ್ಲ. ಎರಡು ದಿನ ನೀರಿಲ್ಲದೆ ಕೂತರೂ ಬಾಯಾರಲಿಲ್ಲ. ತುಟಿ ಒಡೆಯಿತು, ಮೂತ್ರ ಕೆಂಪಾಯಿತು, ಎದ್ದು ನಿಂತರೆ ಗೋಡೆ ಹಿಡಿಯಬೇಕಾಯಿತು. ಆದರೆ ಗಂಟಲಿನಲ್ಲಿ ಒಂದು ಕಿಡಿಯೂ ಇಲ್ಲ. ದೇವರು ಹರಕೆ ಒಪ್ಪಿಕೊಂಡಿದ್ದಾನೆ ಎಂದು ಕಣ್ಣು ತುಂಬಿ ಬಂತು.

ಮುಂದಿನ ಸೋಮವಾರ ಕೇತಮ್ಮ ನಾಲ್ಕು ಕೆಜಿ ಏರಿಕೊಂಡು ಬಂದಳು. ಗುರುವಾರ ಮೂರೂವರೆ. ಅದರ ಮುಂದಿನ ಸೋಮವಾರ ನಾಲ್ಕೂ ಕಾಲು; ಉಸಿರು ಸಿಗದೆ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಳು, ಅವಳ ತಮ್ಮ ಎತ್ತಿಕೊಂಡು ಬಂದ.

ನನಗೆ ಸಿಟ್ಟು ಬಂತು. ನಾನು ಎರಡೆರಡು ದಿನ ಒಣಗುತ್ತಿದ್ದೇನೆ, ಇವಳು ಕುಡಿಯುತ್ತಿದ್ದಾಳೆ. "ಕದ್ದು ಕುಡಿದರೆ ತೂಕ ಸುಳ್ಳು ಹೇಳುತ್ತದೆಯೆ ಕೇತಮ್ಮ?" ಎಂದೆ. ಎಲ್ಲರ ಎದುರಿಗೇ ಅಂದೆ.

"ಕದಿಯೋದೇನು ಸಾಮಿ? ಗಡಿಗೆ ನಮ್ದು, ನೀರೂ ನಮ್ದೆ." ನಗಲು ಹೋದಳು, ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಸಣ್ಣ ದನಿಯಲ್ಲಿ ಹೇಳಿದಳು: "ಮಿಕ್ಕಿದ್ ದಿನ ತಡ್ಕತೀನಿ. ನೀವ್ ಹೇಳ್ದಂಗೆ ನಿಂಬೆಸಿಪ್ಪೆ ಚೀಪ್ತೀನಿ, ಬಾಯಿ ಮುಕ್ಕಳ್ಸಿ ಉಗೀತೀನಿ. ಈ ಬುದ್ವಾರ, ಬಾನ್ವಾರ ಬತ್ತು ಅಂದ್ರೆ ಗಂಟ್ಲಿಗೆ ಕೆಂಡ ಸುರುದಂಗೆ ಆಯ್ತದೆ. ಕೈ ಕಟ್ಟಾಕು ಅಂತ ತಮ್ಮಂಗೆ ಹೇಳ್ದೆ. ಕಟ್ಟಾಕುದ್ರೆ ನಾನು ಬಾಯಲ್ಲೆ ಗಡಿಗೆ ಉಳ್ಳಿಸ್ಕಂಡು ಕುಡುದ್ನಂತೆ."

ಕೇಳುವುದರಲ್ಲಿ ಅಭ್ಯಾಸವಿದೆ ಎಂದೆನಲ್ಲ. ಆ ಮಾತು ನನ್ನ ಕಿವಿಯ ಮುಂದೆಯೇ ಹಾದು ಹೋಯಿತು. ನಾನು ಕೇಳಲಿಲ್ಲ. ಮನೆಗೆ ಹೋಗಿ ಹರಕೆಯನ್ನು ಇನ್ನೂ ಬಿಗಿ ಮಾಡಿದೆ. ಹಣ್ಣಿನ ಹೋಳನ್ನೂ ಬಿಟ್ಟೆ.

ಹುಣ್ಣಿಮೆಗೆ ಹದಿಮೂರು ದಿನ ಉಳಿದಿದ್ದ ಗುರುವಾರ ಅದು. ಕೇತಮ್ಮ ಮತ್ತೆ ನಾಲ್ಕು ಕೆಜಿ ತಂದಿದ್ದಳು. ಸಿಸ್ಟರು ಬೈಯುವುದನ್ನೂ ಬಿಟ್ಟು ಸುಮ್ಮನೆ ಸೂಜಿ ಚುಚ್ಚಿದರು. ಕೇತಮ್ಮ ಮೇಲಿನ ತೊಲೆ ನೋಡುತ್ತ ಮಲಗಿದ್ದಳು, ಕರಡಿಬಾಯಿಯ ಮಾತಿಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ನಾನು ಪುಸ್ತಕ ಹಿಡಿದು ಎದ್ದವನು ಹಾಗೇ ತೂಕದ ಯಂತ್ರದ ಮೇಲೆ ಬಿದ್ದೆ. ಎಚ್ಚರವಾದಾಗ ಸಿಸ್ಟರು ನನ್ನ ತಲೆ ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ನೀರು ಹನಿಸುತ್ತಿದ್ದರು. ಬೇಡವೆಂದು ಕೈ ಆಡಿಸಿದೆ. "ಮಾತಾಡಬೇಡಿ. ನಾಲಗೆ ಚಕ್ಕೆ ಥರ ಒಣಗಿದೆ" ಎಂದು ಅವರು ಲೋಟವನ್ನೇ ಬಾಯಿಗೆ ಒತ್ತಿದರು. ನನಗೆ ಬೇಕೆನಿಸಲಿಲ್ಲ, ರುಚಿಯೂ ತಿಳಿಯಲಿಲ್ಲ. ಗುಟುಕು ಗುಟುಕಾಗಿ ಒಳಗೆ ಇಳಿಯಿತು, ಅಷ್ಟೇ.

ಹಜಾರದ ಆ ತುದಿಯಿಂದ ಕೇತಮ್ಮನ ದನಿ ಬಂತು. "ಉಸ್ಸಪ್ಪಾ. ತಣ್ಣಗಾಯ್ತು."

ಸಿಸ್ಟರು ತಲೆಯೆತ್ತಿದರು. "ಏನಾಯ್ತು?"

"ಗಂಟ್ಲು. ಈಗ ತಣ್ಣಗಾಯ್ತು. ಯಾರೋ ನೀರು ಉಯ್ದಂಗೆ."

ಸಿಸ್ಟರು ಇನ್ನೊಂದು ಲೋಟ ತುಂಬಿ ನನ್ನ ಬಾಯಿಗೆ ಹಿಡಿದರು. ಕುಡಿದೆ. ಕೇತಮ್ಮ ಕಣ್ಣು ಮುಚ್ಚಿದಳು. ಅವಳ ತುಟಿಯ ಸುತ್ತಲಿನ ಗೆರೆಗಳು ಒಂದೊಂದಾಗಿ ಸಡಿಲವಾದದ್ದನ್ನು ನಾನು ನೆಲದ ಮೇಲೆ ಮಲಗಿಯೇ ನೋಡಿದೆ. ಸಿಸ್ಟರಿಗೆ ಏನೂ ತಿಳಿಯಲಿಲ್ಲ, ಅವರೂ ಪರಸ್ಥಳದವರು. ಜಡೆಯನಿಗೆ ತಿಳಿಯಿತು. ಅವನು ಮೊಣಕೈಯೂರಿ ಎದ್ದು ನನ್ನನ್ನೂ ಕೇತಮ್ಮನನ್ನೂ ಎರಡು ಸಲ ನೋಡಿದ.

"ಎಷ್ಟು ದಿನದಿಂದ ನೀರು ಮುಟ್ಟಿಲ್ಲ ಸಾಮಿ?"

ಹೇಳಿದೆ. ಹರಕೆಯ ವಿಷಯ, ಭಾನುವಾರ ಬುಧವಾರದ ವಿಷಯ, ಮೂರು ವರ್ಷದ ಏಕಾದಶಿಗಳ ವಿಷಯ, ಎಲ್ಲ ಹೇಳಿದೆ. ಲೋಟ ಇಟ್ಟಿರಲಿಲ್ಲ ಎಂದು ಎರಡೆರಡು ಸಲ ಹೇಳಿದೆ.

"ನಲವತ್ತು ವರ್ಷ ಒಂದೇ ಓಣೀಲಿ ನಡುದ್ರೆ ಎತ್ತಿಗೆ ಮೂಗುದಾರ ಬೇಕಾ ಸಾಮಿ? ಅದೇ ಓಗ್ತದೆ ಮನೇಗೆ" ಎಂದ ಜಡೆಯ. ಆಮೇಲೆ ನಕ್ಕ. ನಗು ಬಾರದಿದ್ದರೂ ನಗುವವನು ಅವನು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅನ್ನೋರು. ಇಲ್ಲಿ ಎಮ್ಮೆಗೆ ಜ್ವರ, ಎಮ್ಮೆಗೇ ಬರೆ. ಎತ್ತು ಮಾತ್ರ ಹರಕೆ ಹೊತ್ತೈತೆ."

ಕೇತಮ್ಮ ಸೂಜಿಯಿದ್ದ ಕೈ ಅಲುಗಿಸದೆ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ನಾನು ಬಾಯಾರುವ ಮೊದಲೇ ಕುಡಿಯತೊಡಗಿದೆ. ಎದ್ದ ಕೂಡಲೆ ಒಂದು ಚೊಂಬು, ಸ್ನಾನಕ್ಕೆ ಮುಂಚೆ ಒಂದು, ಸಂಧ್ಯಾವಂದನೆಯ ನಡುವೆ ಒಂದು. ದಾಹ ಹುಟ್ಟಿದರೆ ತಾನೆ ಇಳಿಯುವುದು, ಹುಟ್ಟಲು ಬಿಡಬಾರದು. ಗಂಟೆಗೊಂದು ಸಲ ಹಿತ್ತಿಲಿಗೆ ಓಡುತ್ತಿದ್ದೆ. ಸೋಮವಾರ ಕೇತಮ್ಮ ಒಂದೂ ಮುಕ್ಕಾಲು ಕೆಜಿ ಏರಿಕೊಂಡು ಬಂದಳು. ಗುರುವಾರ ಒಂದೂವರೆ. ಸಿಸ್ಟರು ಅವಳ ಗಲ್ಲ ಹಿಡಿದು, "ಇನ್ನೊಂದು ತೂಕ. ಸೋಮವಾರ ಒಂದು ದಾಟಿಬಿಟ್ಟರೆ ಚೀಟಿ ನಿನ್ನ ಸೆರಗಲ್ಲಿ" ಎಂದರು. ಗುರುವಾರದಿಂದ ಸೋಮವಾರಕ್ಕೆ ನಾಲ್ಕು ದಿನದ ಅಂತರ. ವಾರದಲ್ಲಿ ಅದೇ ದೊಡ್ಡ ಹೊಳೆ. ಆ ನಾಲ್ಕು ದಿನದ ನಡುವೆ, ಶನಿವಾರ, ಏಕಾದಶಿ ಬಿದ್ದಿತ್ತು.

ಶನಿವಾರ ಬೆಳಗ್ಗೆ ನಾನು ನಡುಮನೆಯಲ್ಲಿ ನಿಂತು ನೀರು ಕುಡಿದೆ. ಅಮ್ಮ ಬಾಗಿಲ ಚೌಕಟ್ಟು ಹಿಡಿದು ನೋಡಿದಳು. ಅವಳಿಗೆ ಎಂಬತ್ತೆರಡು ವರ್ಷ.

"ಏಕಾದಶಿ ಕಣೋ."

"ಗೊತ್ತಮ್ಮ."

"ನಲವತ್ತೊಂದು ವರ್ಷದ ವ್ರತ. ಆ ಹೆಂಗಸಿಗಾಗಿ ಬಿಟ್ಟೆಯಾ?"

"ವ್ರತ ನಾನು ಎಲ್ಲಿ ಮಾಡಿದೆ? ಮಾಡಿದವಳು ಅವಳಲ್ಲವೆ?"

ಅಮ್ಮ ನನ್ನನ್ನು ನೋಡದೆ ಹೇಳಿದಳು: "ನಿಮ್ಮಪ್ಪನೂ ಹೀಗೇ ಹಠಮಾರಿ. ಬದುಕಿರುವತನಕ ಒಂದು ದಿನ ಲೋಟ ಇಡಲಿಲ್ಲ. ಏಕಾದಶಿಯ ಸಂಜೆ ತುಟಿ ಅಂಟಿಕೊಂಡಿರುತ್ತಿತ್ತು, ಅದರಲ್ಲೇ ಓದುವುದಕ್ಕೆ ಕೂರುತ್ತಿದ್ದರು. ನಿನಗೆ ಆ ಕಷ್ಟ ಬೇಡ ಅಂತ ನಾನೇ ಇಡಿಸಿದ್ದು." ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಹೋಗುವ ಮೊದಲು ತನ್ನ ಲೋಟವನ್ನು ಜಗಲಿಯ ಮೇಲೆ ಇಟ್ಟೇ ಹೋದಳು.

ಬಿಸಿಲೇರಿದ ಮೇಲೆ ನಾನು ದೇವರ ಮನೆಯಲ್ಲಿದ್ದ ತಂದೆಯ ಬೆಳ್ಳಿಯ ಪಂಚಪಾತ್ರೆಯನ್ನು ಪಂಚೆಯ ತುದಿಯಲ್ಲಿ ಕಟ್ಟಿಕೊಂಡು ದಿಣ್ಣೆ ಇಳಿದೆ. ಹಾಡಿಗೆ ನಾನು ಹೋದದ್ದು ಅದೇ ಮೊದಲು. ನಮ್ಮ ಮನೆಯಿಂದ ಅಲ್ಲಿಗೆ ಕಾಲು ಗಂಟೆಯ ದಾರಿ.

ಕೊಳವೆಬಾವಿಯ ಹತ್ತಿರ ಏಳೆಂಟು ಹೆಂಗಸರು, ಮೂರು ನಾಲ್ಕು ಗಂಡಸರು ಸಾಲಾಗಿ ಕೂತಿದ್ದರು. ನಡುವೆ ಒಂದು ಕೊಪ್ಪರಿಗೆ. ಮಾತಿಲ್ಲ, ನಗುವಿಲ್ಲ. ಒಬ್ಬಳು ಮೊಗೆದು ಕುಡಿದು ಪಕ್ಕದವಳಿಗೆ ಕೊಡುವಳು. ಅವಳು ಕುಡಿದು ಮುಂದಕ್ಕೆ. ಹೊಟ್ಟೆ ಹಿಡಿದುಕೊಂಡು, ಕಣ್ಣು ಮುಚ್ಚಿಕೊಂಡು, ಮುಗಿಯದ ಕೂಲಿ ಕೆಲಸದ ಹಾಗೆ ಕುಡಿಯುತ್ತಿದ್ದರು. ಅಮ್ಮನ ಲೋಟದ ಹೊಸ ಹೆಂಗಸು ನನ್ನನ್ನು ಕಂಡು ಎದ್ದು ನಿಂತಳು, ಆಮೇಲೆ ತಡೆಯಲಾರದೆ ಮತ್ತೆ ಕೂತು ಮೊಗೆದಳು. ಮೇಲುಬೀದಿಯಲ್ಲಿ ಆ ಹೊತ್ತಿಗೆ ಭಜನೆ ಶುರುವಾಗಿರುತ್ತದೆ. ತಾಳದ ಸದ್ದು ಅಲ್ಲಿಗೂ ಕೇಳುತ್ತಿತ್ತು.

ಕೇತಮ್ಮ ತನ್ನ ಮನೆಯ ಮುಂದೆ ಹೊಂಗೆಯ ನೆರಳಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ಮುಚ್ಚಿಟ್ಟ ಒಂದು ಸ್ಟೀಲಿನ ಲೋಟ. ಜಡೆಯ ಗೋಡೆಗೊರಗಿ ಬೀಡಿ ಕಟ್ಟುತ್ತಿದ್ದ. ಅವಳ ತಮ್ಮ ಒಂದು ಚಾಪೆ ತಂದು ಹಾಸಿ, ನಾನು ಕೂರುತ್ತೇನೋ ಇಲ್ಲವೋ ಎಂದು ನೋಡುತ್ತ ನಿಂತ. ನಾನು ನೆಲದ ಮೇಲೆ ಕೂತೆ.

"ಬೆಳಿಗ್ಗೆ ನೀರು ಕುಡುದ್ರಾ?" ಕೇತಮ್ಮ ಕೇಳಿದಳು.

"ಕುಡಿದೆ. ದಾರಿಯಲ್ಲೂ ಕುಡಿದುಕೊಂಡೇ ಬಂದೆ."

"ಅದ್ಕೇ ತಣ್ಣಗಿದೀನಿ. ಏಕಾದಸಿ ದಿನ ಹಿಂಗೆ ಕೂತ್ಕಂಡಿದ್ದು ನಾ ಕಾಣೆ." ಕೊಪ್ಪರಿಗೆಯ ಕಡೆ ನೋಡಿದಳು. "ಅವ್ರನ್ನ ನೋಡಾಕಾಗಾಕಿಲ್ಲ."

ನಾನು ಪಂಚಪಾತ್ರೆಯನ್ನು ಬಿಚ್ಚಿ ಅವಳ ಮುಂದೆ ಇಟ್ಟೆ. ಬಿಸಿಲಿಗೆ ಅದು ಹೊಳೆಯಿತು.

"ಸೋಮವಾರಕ್ಕೆ ಇನ್ನೂ ಎರಡು ದಿನವಿದೆ ಕೇತಮ್ಮ. ಒಂದೇ ಒಂದು ತೂಕ. ನನ್ನದು ಇನ್ನು ಇಳಿಯುವುದಿಲ್ಲ, ಅದು ನನ್ನ ಹೊಣೆ. ನಿಮ್ಮದು ಒಂದಿದೆಯಲ್ಲ. ಅದನ್ನು ನನಗೆ ಕೊಡಿ. ನೀವು ಇದರ ಮೇಲೆ ಮಾತು ಹೇಳಿ, ನಾನು ಕುಡಿಯುತ್ತೇನೆ. ಎರಡು ದಿನ ನಾನು ಹೊರುತ್ತೇನೆ. ತೂಕ ದಾಟಲಿ, ಹುಣ್ಣಿಮೆ ದಾಟಲಿ. ಬೇಕಾದರೆ ಆಮೇಲೂ ಇರಲಿ. ನಾನು ಎಷ್ಟು ಬೇಕಾದರೂ ಕುಡಿಯಬಹುದು, ನನ್ನ ಕಿಡ್ನಿ ಗಟ್ಟಿಯಾಗಿವೆ."

ಜಡೆಯನ ಕೈಯಲ್ಲಿದ್ದ ಬೀಡಿಯ ಎಲೆ ನಿಂತಿತು. "ಮೇಲಕ್ಕೆ ಅರೀತದಾ ಅದು?" ಎಂದ.

"ಯಾರೂ ಮಾಡಿ ನೋಡಿಲ್ಲ" ಎಂದೆ.

"ಇದೇನ್ ಸಾಮಿ, ಕೊಡಿ ಹೇಳಿ ಅಂತೀರಿ ನನ್ನ. ನಾನೇನು ಪಟೇಲನ ಎಂಡ್ತಿಯಾ?" ಕೇತಮ್ಮ ನಕ್ಕಳು. ಮೂರು ವಾರದ ಮೇಲೆ ಅವಳು ನಕ್ಕದ್ದು. ನಕ್ಕು ಪಂಚಪಾತ್ರೆಯನ್ನು ಕೈಗೆ ತೆಗೆದುಕೊಂಡಳು. ಒಳಗೆ ನೋಡಿದಳು, ಉಗುರಿನಿಂದ ಮೆಲ್ಲಗೆ ತಟ್ಟಿ ಸದ್ದು ಕೇಳಿದಳು. ಅವಳ ತಮ್ಮ ಮುಂದೆ ಬಂದ. "ಅಕ್ಕ, ಕೊಟ್ಬುಡು. ಸಿಸ್ಟ್ರು ಚೀಟಿ ಬರ್ದುಬುಡ್ಲಿ" ಎಂದ.

ಅವಳು ನನ್ನ ಕಡೆ ತಿರುಗಿ ಕೇಳಿದಳು. "ದ್ವಾದಸಿ ದಿನ ಬೆಳಿಗ್ಗೆ ನೀರು ಕುಡೀತಿದ್ರಲ್ಲ, ಉಪಾಸ ಬುಡೋ ನೀರು. ಎಂಗಿರೋದು?"

"ಹೇಗೆಂದರೆ?"

"ರುಚಿ ಸಾಮಿ. ಒಂದು ಅಗಲು ಒಂದು ರಾತ್ರಿ ಆದ್ಮೇಲಿನ ಮೊದ್ಲು ಗುಟುಕು."

ಯೋಚಿಸಿದೆ. ನಲವತ್ತೊಂದು ವರ್ಷ, ವರ್ಷಕ್ಕೆ ಇಪ್ಪತ್ತನಾಲ್ಕು ಬೆಳಗು. ಒಂದೂ ನೆನಪಿಗೆ ಬರಲಿಲ್ಲ. "ಏನೂ ಇರುತ್ತಿರಲಿಲ್ಲ. ಬರಿಯ ಒದ್ದೆ."

"ನಂಗೂ ಅಂಗೆಯ. ಎಲ್ಲಾರ್ ದಾವಾನೂ ಕುಡುದು ಕುಡುದು, ನೀರು ಅಂದ್ರೆ ಒದ್ದೆ, ಬಾರ. ಈ ಹತ್ತು ದಿನ ಆಯ್ತು ನೋಡಿ, ಬರೇ ನಂದೊಂದೇ ಐತೆ ಒಳಗೆ. ಸಣ್ಣಕೈತೆ. ಬೆಳಿಗ್ಗೆ ಒಂದು ಲೋಟ ಕುಡುದ್ರೆ..." ಮುಚ್ಚಿಟ್ಟ ಸ್ಟೀಲಿನ ಲೋಟದ ಮೇಲೆ ಕೈಯಿಟ್ಟಳು. "ಈ ಸುಣ್ಣದ್ ನೀರೇ ಸೀ ಬತ್ತದೆ ಸಾಮಿ. ಕಡೇಗೆ. ಓದ್ ಮ್ಯಾಲೆ."

"ಸೋಮವಾರ ತೂಕ ಹೆಚ್ಚಾದರೆ?" ನನ್ನ ದನಿ ನನಗೇ ಬೇಡುವವನ ದನಿಯಾಗಿ ಕೇಳಿತು. "ಬೆಟ್ಟ ಕೈತಪ್ಪುತ್ತದೆ ಕೇತಮ್ಮ. ಮುಂದಿನ ವರ್ಷ ಯಾರು ಕಂಡಿದ್ದಾರೆ? ಆ ರುಚಿ ನನಗೂ ಒಂದು ಸಲ ಗೊತ್ತಾಗಲಿ. ಕೊಡಿ."

ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ತಂದೆಯ ಪಂಚಪಾತ್ರೆಯನ್ನು ಸೆರಗಿನಿಂದ ಒರೆಸಿ, ಎರಡೂ ಕೈಯಲ್ಲಿ ಹಿಡಿದು, ನನ್ನ ಮಡಿಲಲ್ಲಿ ಇಟ್ಟಳು.

"ದಾವ ನಿಮ್ತಾವ ಬುಟ್ಟು ಓಗಿ, ಕರಡಿಬಾಯಲ್ಲಿ ಏನು ಕುಡೀಲಿ ನಾನು? ಕೊಡಾಕಿಲ್ಲ ಸಾಮಿ."